ಮಗ ಸೀರೆ ಉಟ್ಟು ಸ್ಟೇಜ್ ಹತ್ತಿದ್ದಾನೆ, ನಾನೇನು ಮಾಡಲಿ?

ಪ್ರಶ್ನೆ: ನಾವು ಕರಾವಳಿ ಕಡೆಯವರು. ಮಗನಿಗೆ 25 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹೋದ ತಿಂಗಳು ನನ್ನ ಅಕ್ಕನ ಮಗಳು ಮೊಬೈಲಿನಲ್ಲಿ ಒಂದು ರೀಲ್ ತೋರಿಸಿದಳು. ಕೆಂಪು ಸೀರೆ, ಉದ್ದದ ವಿಗ್, ಕಣ್ಣಿನ ಮೇಲೆ ಇಷ್ಟಗಲ ಬಣ್ಣ. ಯಾವುದೋ ಹಳೇ ಹಾಡಿಗೆ ಸ್ಟೇಜಿನ ಮೇಲೆ ಒಬ್ಬ ಹೆಂಗಸು ಕುಣಿಯುತ್ತಿದ್ದಳು. "ಚಿಕ್ಕಮ್ಮ, ಸರಿಯಾಗಿ ನೋಡಿ" ಅಂದಳು. ಎಡಗೈ ಮೇಲಿನ ಸುಟ್ಟ ಕಲೆ ನೋಡಿ ಗುರುತು ಹಿಡಿದೆ. ಅದು ನನ್ನ ಮಗ! ಸ್ಟೇಜಿಗೆ ಬೇರೆ ಹೆಸರು ಇಟ್ಟುಕೊಂಡಿದ್ದಾನೆ. ಇದನ್ನು ಡ್ರ್ಯಾಗ್ ಅನ್ನುತ್ತಾರಂತೆ.

ನಮ್ಮ ಮಾವನವರು ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಮಾಡುತ್ತಿದ್ದವರು. ಊರೆಲ್ಲ ಅವರಿಗೆ ಮರ್ಯಾದೆ ಕೊಡುತ್ತಿತ್ತು. ಆದರೂ ಇದನ್ನು ನೋಡಿದ ಮೇಲೆ ನನಗೆ ನಿದ್ದೆ ಇಲ್ಲ. ಇವನು ಹೆಣ್ಣಾಗಬೇಕು ಅಂತಿದ್ದಾನಾ? ಗೇ ನಾ? ಇದೇನಾದರೂ ಕಾಯಿಲೆಯಾ? ಅಕ್ಕ ಹೇಳುತ್ತಾಳೆ, ಒಂದು ಮದುವೆ ಮಾಡಿಬಿಡು, ಎಲ್ಲ ಸರಿಹೋಗುತ್ತೆ ಅಂತ. ಪೊಲೀಸ್ ಕೇಸ್ ಆಗಿಬಿಟ್ಟರೆ ಅನ್ನೋ ಹೆದರಿಕೆ ಬೇರೆ. ಮಗಳಿಗೆ ಗಂಡು ನೋಡುತ್ತಿದ್ದೇವೆ. ಯಜಮಾನರಿಗೆ ಬಿಪಿ, ಇನ್ನೂ ಹೇಳಿಲ್ಲ. ಇನ್ನೊಂದು ಮಾತು. ಮಗಳು ಹುಟ್ಟುವ ಮೊದಲು ಹೆಣ್ಣುಮಗುವಿನ ಆಸೆಗೆ ಇವನಿಗೇ ಲಂಗ ಹಾಕಿ, ಮೊಗ್ಗಿನ ಜಡೆ ಕಟ್ಟಿ ಫೋಟೊ ತೆಗೆಸಿದ್ದೆ. ಅದರಿಂದಲೇ ಹೀಗಾಯ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ವೇಷ, ಕಾಯಿಲೆ, ಮದುವೆ, ಪೊಲೀಸು, ಮಗಳ ಸಂಬಂಧ, ಕೊನೆಗೆ ಒಂದು ಫೋಟೊ. ಇವನ್ನು ಬಿಡಿಸಿ ಒಂದೊಂದಾಗಿ ನೋಡೋಣ. ಗಂಟು ಬಿಚ್ಚಿದರೆ ಅರ್ಧ ಭಯ ಹೋಗುತ್ತದೆ. ಉಳಿದರ್ಧ ಭಯಕ್ಕೆ ಕಾರಣ ಇದೆ, ಅದನ್ನೂ ಹೇಳುತ್ತೇನೆ. ಇದೆಲ್ಲ ಓದಿ ಮುಗಿಸುವವರೆಗೆ ಯಜಮಾನರಿಗೆ ಹೇಳುವುದು, ಮದುವೆ ಬ್ರೋಕರಿಗೆ ಫೋನ್ ಮಾಡುವುದು ಎರಡೂ ಬೇಡ.

ಮೊದಲು, ನೀವು ನೋಡಿದ್ದು ಏನು ಅಂತ ತಿಳಿದುಕೊಳ್ಳಿ. ಆ ರೀಲ್ ಅರ್ಧ ನಿಮಿಷದ್ದಿರಬಹುದು. ಅದರ ಹಿಂದೆ ಕನ್ನಡಿ ಮುಂದೆ ಗಂಟೆಗಟ್ಟಲೆ ಕೂತ ಕೆಲಸ ಇದೆ. ಡ್ರ್ಯಾಗ್ ಮಾಡುವವರು ಮೊದಲು ತಮ್ಮ ಹುಬ್ಬನ್ನೇ ಮಾಯ ಮಾಡುತ್ತಾರೆ. ಮಕ್ಕಳು ಪೇಪರ್ ಅಂಟಿಸುವ ಗಮ್ ಸ್ಟಿಕ್ ಇದೆಯಲ್ಲ, ಅದನ್ನು ಹುಬ್ಬಿನ ಕೂದಲಿಗೆ ಪದರ ಪದರವಾಗಿ ಹಚ್ಚಿ, ಚರ್ಮಕ್ಕೆ ಒತ್ತಿ, ಮೇಲೆ ಪೌಡರ್ ಹಾಕುತ್ತಾರೆ. ಶೇವ್ ಮಾಡಿದ ಮೇಲೂ ಉಳಿಯುವ ಗಡ್ಡದ ಹಸಿರು ನೆರಳಿಗೆ ಕಿತ್ತಳೆ ಬಣ್ಣ, ಅದರ ಮೇಲೆ ಫೌಂಡೇಶನ್. ಮೂಗಿನ ಎರಡೂ ಬದಿಗೆ ಗಾಢ ಬಣ್ಣ ಎಳೆದು ಮೂಗನ್ನು ಸಣ್ಣ ಮಾಡುತ್ತಾರೆ. ಹುಬ್ಬು ಇದ್ದ ಜಾಗಕ್ಕಿಂತ ಒಂದು ಬೆರಳು ಮೇಲೆ ಹೊಸ ಹುಬ್ಬು, ಕಣ್ಣಿನ ರೆಪ್ಪೆಗಿಂತ ಮೇಲೆ ಹೊಸ ರೆಪ್ಪೆ. ಕೊನೇ ಸಾಲಿನಲ್ಲಿ ಕೂತವರಿಗೂ ಕಾಣಬೇಕಲ್ಲ. ಸೊಂಟಕ್ಕೆ ಸ್ಪಂಜು ಕತ್ತರಿಸಿ ಮಾಡಿದ ಪ್ಯಾಡ್, ಅದರ ಅಂಚು ಕಾಣದಂತೆ ಒಂದರ ಮೇಲೊಂದು ಬಿಗಿ ಕಾಲುಚೀಲ. ಆಮೇಲೆ ಸೀರೆ, ವಿಗ್, ಹೈಹೀಲ್ಸ್. ಇಷ್ಟೆಲ್ಲ ಆದ ಮೇಲೆ ಹಾಡಿಗೆ ತುಟಿ ಕೂಡಿಸಿ ಅಭಿನಯಿಸಬೇಕು, ಉಸಿರು ತಪ್ಪಬಾರದು, ಎದುರಿಗೆ ಕೂತವರನ್ನು ನಗಿಸಬೇಕು. ಮಾತಿಗೆ ಮಾತು ಕೊಡಬೇಕು.

ಇದು ಸುಮ್ನೆ ಸೀರೆ ಸುತ್ತಿಕೊಂಡು ನಿಂತದ್ದಲ್ಲ. ನಿಮ್ಮ ಮಾವನವರು ಚೌಕಿಯಲ್ಲಿ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚಿಕೊಂಡಿದ್ದನ್ನು ನೀವು ನೋಡಿರಬಹುದು. ಆ ಏಕಾಗ್ರತೆಯೇ ಇಲ್ಲೂ ಬೇಕು.

ಹಾಗಂತ ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. "ನಮ್ಮಲ್ಲಿ ಸ್ತ್ರೀವೇಷ ಮೊದಲಿನಿಂದಲೂ ಇದೆ, ಡ್ರ್ಯಾಗ್ ಕೂಡ ಅದೇ" ಅಂತ ಸಮಾಧಾನ ಹೇಳುವವರು ಸಿಗುತ್ತಾರೆ. ಕೇಳಲು ಹಿತವಾಗಿರುತ್ತದೆ, ಆದರೆ ಪೂರ್ತಿ ನಿಜವಲ್ಲ. ಯಕ್ಷಗಾನದ ಸ್ತ್ರೀವೇಷದಲ್ಲಿ ಕಲಾವಿದ ಪಾತ್ರದೊಳಗೆ ಮರೆಯಾಗುತ್ತಾನೆ. ಕೋಳ್ಯೂರು ರಾಮಚಂದ್ರ ರಾಯರ ವೇಷ ನೋಡಿದವರು ಅಲ್ಲಿ ದ್ರೌಪದಿಯನ್ನೋ ದಾಕ್ಷಾಯಿಣಿಯನ್ನೋ ಕಂಡರೇ ಹೊರತು ವೇಷದೊಳಗಿನ ಗಂಡಸನ್ನಲ್ಲ. ಮಂಟಪ ಪ್ರಭಾಕರ ಉಪಾಧ್ಯರು ಏಕವ್ಯಕ್ತಿ ಪ್ರಯೋಗದಲ್ಲಿ ಒಬ್ಬರೇ ರಂಗದ ಮೇಲೆ ನಿಂತು ಹೆಣ್ಣಿನ ಮನಸ್ಸಿನ ಒಂದೊಂದು ಸ್ಥಿತಿಯನ್ನೂ ಆಡಿ ತೋರಿಸಿದ್ದಾರೆ. ಅಲ್ಲಿ ಕಥೆ ಪುರಾಣದ್ದು, ಹಾಡು ಭಾಗವತರದ್ದು. ಡ್ರ್ಯಾಗ್‌ನಲ್ಲಿ ಕಥೆ ಮಾಡುವವನದ್ದೇ. ಪಾತ್ರಕ್ಕೆ ಅವನೇ ಹೆಸರಿಡುತ್ತಾನೆ, ಗತ್ತು ಕೊಡುತ್ತಾನೆ, ಬೇಕೆಂದೇ ಅತಿ ಮಾಡುತ್ತಾನೆ. ಒಳಗಿರುವುದು ಗಂಡಸು ಅಂತ ನೋಡುವವರಿಗೆ ಗೊತ್ತಿರಬೇಕು, ಆಟದ ಮಜಾ ಇರುವುದೇ ಅಲ್ಲಿ. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಅನ್ನುವ ನಮ್ಮ ಕಟ್ಟುಪಾಡುಗಳನ್ನು ಅದು ಕೆಣಕುತ್ತದೆ. ಹಾಗಾಗಿ ಕೆಲವರಿಗೆ ಕಸಿವಿಸಿಯಾಗುವುದು ಸಹಜ.

ಗಂಡು ಹೆಣ್ಣಾಗಿ ರಂಗಕ್ಕೆ ಬರುವುದು ಮಾತ್ರ ಯಾವ ಊರಿಗೂ ಹೊಸದಲ್ಲ. ಜಪಾನಿನಲ್ಲಿ 1629ರಲ್ಲಿ ಹೆಂಗಸರು ಕಬುಕಿ ಎಂಬ ನಾಟಕದ ರಂಗ ಹತ್ತಬಾರದೆಂದು ಸರ್ಕಾರ ಅಪ್ಪಣೆ ಮಾಡಿತು. ಅಲ್ಲಿಂದ ಹೆಣ್ಣು ಪಾತ್ರಗಳೆಲ್ಲ ಗಂಡಸರಿಗೆ ಬಂದವು, ಇವತ್ತಿಗೂ ಅದೇ ಪದ್ಧತಿ. ಇಂಗ್ಲೆಂಡಿನ ರಂಗಭೂಮಿಯಲ್ಲಿ 1660ರವರೆಗೆ ಹೆಣ್ಣು ಪಾತ್ರಗಳನ್ನು ಮಾಡುತ್ತಿದ್ದವರು ಹುಡುಗರು. ನಮ್ಮ ಪಕ್ಕದ ಮರಾಠಿ ರಂಗಭೂಮಿಯ ಬಾಲಗಂಧರ್ವರಂತೂ ಎಷ್ಟು ಚೆಂದ ಸೀರೆ ಉಡುತ್ತಿದ್ದರೆಂದರೆ, ಒಳ್ಳೊಳ್ಳೆ ಮನೆತನದ ಹೆಂಗಸರು ಅವರನ್ನು ನೋಡಿ ಸೀರೆ ಉಡುವ, ಹೂ ಮುಡಿಯುವ ರೀತಿ ಬದಲಾಯಿಸಿಕೊಂಡರು. 1964ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಇನ್ನು ಉಲ್ಟಾ ಕಥೆಯೂ ನಮ್ಮಲ್ಲಿದೆ. ಆರ್. ನಾಗರತ್ನಮ್ಮನವರು 1958ರಲ್ಲಿ ಬರೀ ಹೆಂಗಸರದ್ದೇ ನಾಟಕ ಮಂಡಳಿ ಕಟ್ಟಿದರು. ಕಂಸ, ಭೀಮ, ದುರ್ಯೋಧನನ ವೇಷದಲ್ಲಿ ರಂಗ ನಡುಗಿಸಿದರು. ಅವರಿಗೆ 2012ರಲ್ಲಿ ಪದ್ಮಶ್ರೀ ಸಿಕ್ಕಿತು. ಮೀಸೆ ಅಂಟಿಸಿಕೊಂಡ ಹೆಣ್ಣನ್ನು ನೋಡಿ ಯಾರೂ ಡಾಕ್ಟರ ಹತ್ತಿರ ಓಡಲಿಲ್ಲ, ಅಲ್ವಾ?

ಇವತ್ತು ಡ್ರ್ಯಾಗ್ ಅನ್ನುವ ಹೆಸರಿನಲ್ಲಿ ನಡೆಯುವ ಪ್ರದರ್ಶನದ ಒಂದು ಮುಖ್ಯ ಬೇರು ಅಮೆರಿಕದಲ್ಲಿದೆ. ಗುಲಾಮನಾಗಿ ಹುಟ್ಟಿದ ವಿಲಿಯಂ ಡಾರ್ಸಿ ಸ್ವಾನ್ ಎಂಬಾತ 1880ರ ದಶಕದಲ್ಲಿ ವಾಷಿಂಗ್ಟನ್‌ನಲ್ಲಿ ಗೆಳೆಯರನ್ನು ಸೇರಿಸಿ, ಗುಟ್ಟಾಗಿ ಇಂಥ ನೃತ್ಯಕೂಟ ನಡೆಸುತ್ತಿದ್ದ. ಪೊಲೀಸರು ನುಗ್ಗಿ ಹಿಡಿದರು, ಜೈಲಿಗೂ ಹಾಕಿದರು. 2009ರಲ್ಲಿ ಶುರುವಾದ ಅಲ್ಲಿನ ಡ್ರ್ಯಾಗ್ ಕಲಾವಿದ ರುಪಾಲ್ ಅವರ ಟಿವಿ ಸ್ಪರ್ಧೆಯಿಂದ ಇದು ಲೋಕಕ್ಕೆಲ್ಲ ಪರಿಚಯವಾಯಿತು. ಬೆಂಗಳೂರಿನಲ್ಲೂ ಅಲೆಕ್ಸ್ ಮ್ಯಾಥ್ಯೂ ಅವರು 2014ರಿಂದ 'ಮಾಯಾ' ಅನ್ನುವ ಹೆಸರಿನಲ್ಲಿ, ಸೀರೆಯಲ್ಲೇ ಪ್ರದರ್ಶನ ಕೊಡುತ್ತಾ ಬಂದಿದ್ದಾರೆ. ನಿಮ್ಮ ಮಗನ ಕಣ್ಣಿಗೆ ಬಿದ್ದಿರುವ ದಾರಿ ಬಹುಶಃ ಇದೇ.

ಈಗ ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ. ಟಿವಿಯ ಕಾಮಿಡಿ ಶೋದಲ್ಲಿ ಗಂಡಸರು ಸೀರೆ ಉಟ್ಟು ಬಂದರೆ ಮನೆಮಂದಿಯೆಲ್ಲ ಕೂತು ನಗುತ್ತೇವೆ. ಕಾಲೇಜು ಡೇಯಲ್ಲಿ ಹುಡುಗರು ಲಂಗ ದಾವಣಿ ಹಾಕಿ ಕುಣಿದರೆ ಶಿಳ್ಳೆ ಹೊಡೆಯುತ್ತೇವೆ. ಮೇಳದಲ್ಲಾದರೆ ಕೈ ಮುಗಿಯುತ್ತೇವೆ. ಹಾಗಾದರೆ ಈ ರೀಲ್ ನೋಡಿ ನಿಮ್ಮ ನಿದ್ದೆ ಯಾಕೆ ಹೋಯಿತು? ಸಲಹೆ ಕೇಳಲು ನನ್ನ ಕೋಣೆಗೆ ಬರುವ ತಂದೆ ತಾಯಿಯರ ಮಾತು ಕೇಳಿ ಕೇಳಿ ನನಗೆ ಅನ್ನಿಸಿದ್ದು ಇಷ್ಟು: ಗಂಡು ಸೀರೆ ಉಟ್ಟರೆ ನಮಗೇನೂ ತೊಂದರೆ ಇಲ್ಲ, ಅದು ದೇವರ ಕಥೆಗಾಗಿ ಅಥವಾ ನಗೆಪಾಟಲಿಗಾಗಿ ಆಗಿದ್ದರೆ. ಉಟ್ಟವನು "ನಾನು ಚೆಂದ ಕಾಣುತ್ತಿದ್ದೇನೆ" ಅಂತ ಖುಷಿಪಟ್ಟರೆ ತೊಂದರೆ. ಬೆಳಗಾಗುವಷ್ಟರಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿ ಮತ್ತೆ ಪಂಚೆ ಉಟ್ಟು ಬರಬೇಕು, ಅದರ ಬಗ್ಗೆ ಮಾತಾಡಬಾರದು. ಈ ಷರತ್ತಿನ ಮೇಲೆ ಸಮಾಜ ಸ್ತ್ರೀವೇಷವನ್ನು ಒಪ್ಪಿಕೊಂಡಿತ್ತು. ಅಷ್ಟಾದರೂ ಸ್ತ್ರೀವೇಷದವರ ನಡಿಗೆ, ದನಿ ಆಡಿಕೊಂಡವರು ಊರೂರಲ್ಲಿ ಇದ್ದರು. ನಿಮ್ಮ ಮಾವನವರೂ ಅಂಥ ಮಾತು ಕೇಳಿರಬಹುದು, ಮನೆಯಲ್ಲಿ ಹೇಳಿರಲಿಕ್ಕಿಲ್ಲ. ಅತ್ತೆ ಇದ್ದರೆ ಒಮ್ಮೆ ಕೇಳಿ ನೋಡಿ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಅವನು ಗೇ ನಾ, ಹೆಣ್ಣಾಗಬೇಕು ಅಂತಿದ್ದಾನಾ? ನೇರವಾಗಿ ಹೇಳುತ್ತೇನೆ. ಆ ವಿಡಿಯೊ ನೋಡಿ ನನಗೂ ಗೊತ್ತಾಗುವುದಿಲ್ಲ, ಬೇರೆ ಯಾವ ತಜ್ಞರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ. ಸ್ಟೇಜಿನ ಮೇಲೆ ಏನು ಹಾಕುತ್ತಾನೆ ಅನ್ನುವುದು ಒಂದು. ಯಾರ ಮೇಲೆ ಮನಸ್ಸಾಗುತ್ತದೆ ಅನ್ನುವುದು ಇನ್ನೊಂದು. ಒಳಗೊಳಗೆ ತನ್ನನ್ನು ತಾನು ಗಂಡು ಅಂದುಕೊಂಡಿದ್ದಾನೋ ಹೆಣ್ಣು ಅಂದುಕೊಂಡಿದ್ದಾನೋ ಅನ್ನುವುದು ಮೂರನೆಯದು. ಒಂದರಿಂದ ಇನ್ನೊಂದನ್ನು ಊಹಿಸಲು ಬರುವುದಿಲ್ಲ. ಡ್ರ್ಯಾಗ್ ಮಾಡುವ ಗಂಡಸರಲ್ಲಿ ಗೇ ಆಗಿರುವವರು ಜಾಸ್ತಿ ಅನ್ನುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಈ ಕಲೆ ಬೆಳೆದದ್ದೇ ಅವರ ನಡುವೆ. ಆದರೆ ಹೆಂಡತಿ ಮಕ್ಕಳಿರುವವರೂ ಮಾಡುತ್ತಾರೆ, ಹೆಂಗಸರೂ ಮಾಡುತ್ತಾರೆ, ಟ್ರಾನ್ಸ್‌ಜೆಂಡರ್ ಆಗಿರುವವರೂ ಮಾಡುತ್ತಾರೆ. ಗಂಡುವೇಷದಲ್ಲಿ ಬರುವವರಿಗೆ ಡ್ರ್ಯಾಗ್ ಕಿಂಗ್ ಅನ್ನುತ್ತಾರೆ.

ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಡ್ರ್ಯಾಗ್ ಕಲಾವಿದನಿಗೆ ಕಾರ್ಯಕ್ರಮ ಮುಗಿದರೆ ವೇಷ ಮುಗಿಯಿತು. ಮನೆಗೆ ಬಂದು ಲುಂಗಿ ಸುತ್ತಿ ಮಲಗುತ್ತಾನೆ, ಅದರಲ್ಲಿ ಅವನಿಗೆ ಬೇಜಾರಿಲ್ಲ. ಟ್ರಾನ್ಸ್ ಹೆಣ್ಣಿಗೆ, ಅಂದರೆ ಗಂಡಾಗಿ ಹುಟ್ಟಿದರೂ ಒಳಗೊಳಗೆ ತಾನು ಹೆಣ್ಣು ಅಂದುಕೊಂಡವಳಿಗೆ, ಹಾಗಲ್ಲ. ಅವಳಿಗೆ ಸೀರೆ ವೇಷವೇ ಅಲ್ಲ, ಪ್ಯಾಂಟು ಶರ್ಟೇ ವೇಷ. ಮಂಜಮ್ಮ ಜೋಗತಿಯವರನ್ನು ನೆನೆಸಿಕೊಳ್ಳಿ. ಜೋಗತಿ ನೃತ್ಯ ಅವರ ಕಲೆ. ಆದರೆ ಹೆಣ್ಣಾಗಿ ಇರುವುದು ಅವರ ಕಲೆಯಲ್ಲ, ಅದು ಅವರ ಬದುಕು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಿಮ್ಮ ಮಗ ಇದರಲ್ಲಿ ಯಾವುದು? ಕೆಲವರಿಗೆ ಸ್ಟೇಜಿನ ಮೇಲೆ ಸಿಕ್ಕ ಧೈರ್ಯದಿಂದ ತಮ್ಮ ಬಗ್ಗೆ ಏನೋ ಹೊಳೆಯುವುದೂ ಉಂಟು. ಕೆಲವರಿಗೆ ಅದು ಶನಿವಾರದ ಖುಷಿ, ಸೋಮವಾರ ಮತ್ತೆ ಆಫೀಸು. ಇದನ್ನು ಹೇಳಬಲ್ಲವನು ಒಬ್ಬನೇ. ಅವನು ಹೇಳುವ ಮೊದಲು ನೀವು ಹೆಸರಿಡಬೇಡಿ.

ಆ ಫೋಟೊ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಎಷ್ಟು ಮನೆಗಳ ಆಲ್ಬಮ್ಮಿನಲ್ಲಿ ಲಂಗ ಹಾಕಿ, ಮೊಗ್ಗಿನ ಜಡೆ ತೋರಿಸಲು ಕನ್ನಡಿಗೆ ಬೆನ್ನು ಹಾಕಿ ನಿಂತ ಗಂಡುಮಕ್ಕಳ ಫೋಟೊ ಇಲ್ಲ ಹೇಳಿ! ಆ ಹುಡುಗರೆಲ್ಲ ದೊಡ್ಡವರಾಗಿ ಏನೇನೋ ಆಗಿದ್ದಾರೆ. ಬಟ್ಟೆಯಿಂದ, ಒಂದು ದಿನದ ಜಡೆಯಿಂದ, ಅಡುಗೆಮನೆಯಲ್ಲಿ ಅಮ್ಮನ ಜೊತೆ ಜಾಸ್ತಿ ಇದ್ದಿದ್ದರಿಂದ ಯಾರೂ ಗೇ ಆಗುವುದಿಲ್ಲ, ಟ್ರಾನ್ಸ್ ಆಗುವುದಿಲ್ಲ. ತಾಯಿಯ ಮುದ್ದು ಜಾಸ್ತಿಯಾದರೆ, ತಂದೆ ದೂರವಾದರೆ ಮಕ್ಕಳು ಹೀಗಾಗುತ್ತಾರೆ ಅನ್ನುವ ಮಾತು ಹಿಂದೆ ಮನೋವೈದ್ಯರ ಬಾಯಲ್ಲೂ ಇತ್ತು. ಅದಕ್ಕೆ ಆಧಾರ ಸಿಗಲಿಲ್ಲ, ನಾವು ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಮಗನಿಗೆ ಕಲೆಯ ಹುಚ್ಚು ಅಜ್ಜನಿಂದ ಬಂದಿದ್ದರೆ ಬಂದಿರಬಹುದು, ಅದು ಬೇರೆ ಮಾತು.

ಕಾಯಿಲೆಯಾ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಆಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. 2022ರಿಂದ ಜಾರಿಯಲ್ಲಿರುವ ಅದರ ಹೊಸ ಪಟ್ಟಿಯಲ್ಲಿ, ಬೇರೆ ಲಿಂಗದ ಬಟ್ಟೆ ಹಾಕುವುದನ್ನು ಮಾನಸಿಕ ಕಾಯಿಲೆ ಅನ್ನುತ್ತಿದ್ದ ಹಳೇ ಹೆಸರುಗಳೂ ಹೋದವು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಇದು ಸ್ಪಷ್ಟವಾಗಿದೆ. ಸುತ್ತಲಿನವರ ನೀತಿ, ಸಂಪ್ರದಾಯಕ್ಕೆ ಒಬ್ಬರ ನಡತೆ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಅವರನ್ನು ಮಾನಸಿಕ ರೋಗಿ ಅನ್ನುವಂತಿಲ್ಲ.

ಆದರೂ "ಸರಿ ಮಾಡಿಕೊಡುತ್ತೇವೆ" ಅನ್ನುವವರು ಸಿಗುತ್ತಾರೆ. ಮಾತ್ರೆ, ಹಾರ್ಮೋನ್ ಇಂಜೆಕ್ಷನ್, ಕರೆಂಟ್ ಕೊಡುವುದು, ಮಂತ್ರ ತಂತ್ರ, ಏನೇನೋ. ಮದ್ರಾಸ್ ಹೈಕೋರ್ಟಿನ 2021ರ ಒಂದು ತೀರ್ಪಿನ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಎಲ್ಲ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ಅಂದರೆ ಹಾಗೆ ಮಾಡುವ ಡಾಕ್ಟರ ಮೇಲೆ ದೂರು ಕೊಡಬಹುದು. ಇಂಥ 'ಚಿಕಿತ್ಸೆ' ಮುಗಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಹೋಗುವಾಗ ಇಲ್ಲದ ಖಿನ್ನತೆ ಬರುವಾಗ ಇರುತ್ತದೆ, ಜೊತೆಗೆ ಅಪ್ಪ ಅಮ್ಮನ ಮೇಲಿನ ನಂಬಿಕೆ ಹೋಗಿರುತ್ತದೆ. ಅವನಿಗೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸದಾ ಮಂಕಾಗಿದ್ದಾನೆ, ಬದುಕು ಸಾಕು ಅನ್ನುತ್ತಿದ್ದಾನೆ, ಹೀಗೇನಾದರೂ ಇದ್ದರೆ ಖಂಡಿತ ಮನೋವೈದ್ಯರನ್ನು ಕಾಣಿ. ಆ ಚಿಕಿತ್ಸೆ ಖಿನ್ನತೆಗೆ, ಡ್ರ್ಯಾಗ್‌ಗೆ ಅಲ್ಲ.

ನಿಮ್ಮ ಅಕ್ಕನ ಮದುವೆ ಸಲಹೆಯ ಬಗ್ಗೆ ನನಗೆ ಸಮಾಧಾನದಿಂದ ಬರೆಯುವುದು ಕಷ್ಟ. ಲೆಕ್ಕ ಹಾಕಿ ನೋಡಿ. ಅವನು ಗೇ ಆಗಿದ್ದರೆ, ಏನೂ ಗೊತ್ತಿಲ್ಲದ ಒಬ್ಬ ಹುಡುಗಿಯನ್ನು ತಂದು ಬಲಿ ಕೊಟ್ಟಂತೆ. ಅವಳು ವರ್ಷಗಟ್ಟಲೆ "ನನ್ನಲ್ಲೇ ಏನೋ ಕೊರತೆ" ಅಂತ ಕೊರಗುತ್ತಾಳೆ. ಅಂಥ ಹೆಣ್ಣುಮಕ್ಕಳೂ ನಮ್ಮ ಹತ್ತಿರ ಬರುತ್ತಾರೆ, ಅವರ ಕಥೆ ಕೇಳಲಾಗುವುದಿಲ್ಲ. ಅವನು ಗೇ ಅಲ್ಲದಿದ್ದರೆ, ಸರಿ ಮಾಡಬೇಕಾದ್ದು ಏನೂ ಇಲ್ಲ. ಮುಂದೆ ಅವನೇ ಇಷ್ಟಪಟ್ಟು ಮದುವೆಯಾದರೂ ಈ ಹವ್ಯಾಸವನ್ನು ಹುಡುಗಿಗೆ ಮೊದಲೇ ಹೇಳಿರಬೇಕು. ಹೇಗೆ ನೋಡಿದರೂ ಮದುವೆ ಇದಕ್ಕೆ ಮದ್ದಲ್ಲ.

ಕಾನೂನಿನ ಭಯ ಬೇಡ. ಗಂಡಸು ಸೀರೆ ಉಡಬಾರದು ಅನ್ನುವ ಕಾನೂನು ನಮ್ಮಲ್ಲಿಲ್ಲ. ಹಿಂದೆ ಬ್ರಿಟಿಷರು ಒಂದು ತಂದಿದ್ದರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ, ಸರ್ಕಾರ ಪಟ್ಟಿ ಮಾಡಿಟ್ಟ ಹಿಜ್ರಾ ಸಮುದಾಯದವರು ಹೆಣ್ಣಿನ ಉಡುಗೆ ತೊಟ್ಟು ಬೀದಿಗೆ ಬಂದರೆ, ಕುಣಿದರೆ ವಾರಂಟ್ ಇಲ್ಲದೆ ಹಿಡಿದು ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದಿತ್ತು. ನಾವು "ನಮ್ಮ ಸಂಸ್ಕೃತಿ" ಅಂದುಕೊಂಡಿರುವ ನಾಚಿಕೆಯಲ್ಲಿ ಸ್ವಲ್ಪ ಪಾಲು ಆ ಕಾನೂನಿನದ್ದು ಅಂತ ನನ್ನ ಅನಿಸಿಕೆ. ಈಗಿನ ಮಾತು ಬೇರೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ (ನಾಲ್ಸಾ) ಹೂಡಿದ ಕೇಸಿನ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಒಬ್ಬರು ತಮ್ಮ ಲಿಂಗಭಾವವನ್ನು ಉಡುಗೆ, ಮಾತು, ನಡತೆಯಲ್ಲಿ ತೋರಿಸುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರುತ್ತದೆ ಅಂದಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಹೇಳಿತು. ಬೆಂಗಳೂರಿನಲ್ಲಿ 2008ರಿಂದ ಹಗಲುಹೊತ್ತಿನಲ್ಲೇ ಗೇ, ಟ್ರಾನ್ಸ್ ಸಮುದಾಯದವರ ಪ್ರೈಡ್ ಮೆರವಣಿಗೆ ನಡೆಯುತ್ತಾ ಬಂದಿದೆ.

ಭಯಪಡಬೇಕಾದ ಕೆಲವು ವಿಷಯ ಇವೆ ಅಂದೆನಲ್ಲ, ಅವು ಇವು.

ಮೊದಲನೆಯದು ನಿಮ್ಮ ಕೈಗೇ ಸಿಕ್ಕಿತು: ವಿಡಿಯೊ. ಅದು ನಿಮ್ಮ ಅಕ್ಕನ ಮಗಳವರೆಗೆ ಬಂತು ಅಂದರೆ ಆಫೀಸಿಗೂ ಹೋಗಬಹುದು. ಕೆಲವು ಕಂಪನಿಗಳಲ್ಲಿ ಇದನ್ನು ಮೆಚ್ಚಿ ವೇದಿಕೆ ಕೊಡುತ್ತಾರೆ. ಕೆಲವು ಕಡೆ ಬಾಯಲ್ಲಿ ಏನೂ ಹೇಳದೆ ಪ್ರಮೋಷನ್ ತಪ್ಪಿಸುತ್ತಾರೆ. ಡ್ರ್ಯಾಗ್ ಮಾಡುವವರು ಅನ್ನುವ ಕಾರಣಕ್ಕೆ ಕೆಲಸ ಹೋದರೆ ನೇರವಾಗಿ ಕಾಪಾಡುವ ಕಾನೂನು ಇಲ್ಲ. ಹಾಗಾಗಿ ಅಪಾಯಿಂಟ್‌ಮೆಂಟ್ ಪತ್ರದಲ್ಲಿ ಹೊರಗಿನ ಕೆಲಸ, ಸಂಭಾವನೆ, ಸೋಷಿಯಲ್ ಮೀಡಿಯಾ ಬಗ್ಗೆ ಏನಿದೆ ಅಂತ ಅವನು ಒಮ್ಮೆ ಓದಿಕೊಂಡಿರುವುದು ಒಳ್ಳೆಯದು. ಕಾಮೆಂಟುಗಳಲ್ಲಿ ಬರುವ ಬೈಗುಳ ಇನ್ನೊಂದು ಕಾಟ. ಇವನ್ನು ಓದಬೇಡ ಅಂದರೆ ಯಾರೂ ಕೇಳುವುದಿಲ್ಲ, ಆದರೆ ಕಾಮೆಂಟ್ ಮುಚ್ಚಿಡಲು ಬರುತ್ತದೆ.

ಎರಡನೆಯದು ಬ್ಲ್ಯಾಕ್‌ಮೇಲ್. "ನಿಮ್ಮಪ್ಪನಿಗೆ ಕಳಿಸುತ್ತೇನೆ, ದುಡ್ಡು ಹಾಕು" ಅನ್ನುವವರು ಇದ್ದಾರೆ. ಗುಟ್ಟು ಇದ್ದಷ್ಟೂ ಅವರಿಗೆ ಲಾಭ. ಒಮ್ಮೆ ಕೊಟ್ಟರೆ ನಿಲ್ಲುವುದಿಲ್ಲ. ದುಡ್ಡು ಕೊಡಬಾರದು, ಮೆಸೇಜ್ ಅಳಿಸಬಾರದು, ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಬೇಕು. ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ ಸುಲಿಗೆಗೆ, 351 ಬೆದರಿಕೆಗೆ. ಸೈಬರ್ ದೂರಿಗೆ 1930ಕ್ಕೆ ಫೋನ್ ಮಾಡಬಹುದು. ಈಗ ನಿಮಗೆ ಗೊತ್ತಾಗಿದೆ ಅನ್ನುವುದು ಅವನಿಗೆ ತಿಳಿದರೆ, ಅಂಥವರ ಕೈಯಲ್ಲಿದ್ದ ದೊಡ್ಡ ಆಯುಧವೇ ಹೋದಂತೆ.

ಮೂರನೆಯದು ರಾತ್ರಿ ವಾಪಸ್ ಬರುವ ದಾರಿ. ಕಾರ್ಯಕ್ರಮ ಮುಗಿಯುವುದು ತಡವಾಗಿ. ವೇಷ ಹಾಕಿಕೊಂಡೇ ಒಬ್ಬನೇ ಹೊರಗೆ ನಿಲ್ಲುವುದಕ್ಕಿಂತ ಬಟ್ಟೆ ಬದಲಾಯಿಸಿ, ಗೆಳೆಯರ ಜೊತೆ ಹೊರಡುವುದು ವಾಸಿ. ಕಾನೂನು ಅವನ ಪರ ಇದ್ದರೂ ರಸ್ತೆಯಲ್ಲಿ ಕುಡಿದು ನಿಂತವನಿಗೆ ಸಂವಿಧಾನ ಗೊತ್ತಿರುವುದಿಲ್ಲ.

ದೇಹದ ಬಗ್ಗೆಯೂ ಒಂದೆರಡು ಮಾತು. ಸೊಂಟ ಬಿಗಿಯುವ ಕಾರ್ಸೆಟ್ಟು, ಗಂಡಸಿನ ಅಂಗ ಕಾಣದಂತೆ ಟೇಪ್ ಹಾಕಿ ಒತ್ತಿ ಕಟ್ಟುವುದು, ಇವೆಲ್ಲ ಗಂಟೆಗಟ್ಟಲೆ ಇರಬಾರದು. ನೋವು ಬಂದರೆ, ಮರಗಟ್ಟಿದರೆ ಆ ಕ್ಷಣವೇ ಬಿಚ್ಚಬೇಕು. ಮೂತ್ರ ಕಟ್ಟಿಕೊಂಡು ಕೂರಬಾರದು. ಕಣ್ಣಿನ ಕಾಡಿಗೆ, ಬ್ರಷ್ ಹಂಚಿಕೊಂಡರೆ ಕಣ್ಣಿಗೆ ಸೋಂಕು. ಗೆಳೆಯರು ಕೊಟ್ಟ ಹಾರ್ಮೋನ್ ಮಾತ್ರೆ, ಯಾರೋ ಕೋಣೆಯಲ್ಲಿ ಕೊಡುವ ಸಿಲಿಕೋನ್ ಇಂಜೆಕ್ಷನ್ ಮಾತ್ರ ಯಾವ ಕಾರಣಕ್ಕೂ ಬೇಡ, ಇವು ಜೀವಕ್ಕೇ ಅಪಾಯ.

ಈಗ ನೀವು ಏನು ಮಾಡಬಹುದು? ಗೊತ್ತೇ ಇಲ್ಲದವರ ಹಾಗೆ ಸುಮ್ಮನಿರಬಹುದು. ಕೆಲವು ತಾಯಂದಿರು ಹಾಗೇ ವರ್ಷಗಟ್ಟಲೆ ಇರುತ್ತಾರೆ. ಆದರೆ ನಿಮ್ಮ ವಿಷಯದಲ್ಲಿ ಅಕ್ಕನಿಗೆ, ಅಕ್ಕನ ಮಗಳಿಗೆ ಆಗಲೇ ಗೊತ್ತು. ನಾಳೆ ಬೇರೆ ಯಾರೋ "ನಿಮ್ಮಮ್ಮ ನೋಡಿ ಅತ್ತರಂತೆ" ಅಂದರೆ ಅವನಿಗೆ ಹೇಗಾಗಬೇಡ? ಯಜಮಾನರನ್ನೂ ಕರೆದುಕೊಂಡು ಬೆಂಗಳೂರಿಗೆ ಹೋಗಿ ಕೂರಿಸಿ ಕೇಳಬಹುದು. ಅದು ಪಂಚಾಯಿತಿಯಾಗುತ್ತದೆ. ಬಂದವರು ವಾಪಸ್ ಹೋದ ಮೇಲೆ ಮಗ ಫೋನ್ ನಂಬರ್ ಬದಲಾಯಿಸುತ್ತಾನೆ. ನಿಮ್ಮ ಪತ್ರ ಓದಿದರೆ ನೀವೊಬ್ಬರೇ, ಎದುರಾಎದುರು ಮಾತಾಡುವುದು ವಾಸಿ ಅನ್ನಿಸುತ್ತದೆ. ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ಅವನು ಊರಿಗೆ ಬಂದಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು.

"ನೀನು ಏನು?" ಅಂತ ಶುರು ಮಾಡಬೇಡಿ. ಆ ಪ್ರಶ್ನೆಗೆ ಉತ್ತರ ಅವನ ಹತ್ತಿರವೂ ಇನ್ನೂ ಇರಲಿಕ್ಕಿಲ್ಲ. "ನಿನ್ನ ಡಾನ್ಸಿನ ವಿಡಿಯೊ ನೋಡಿದೆ ಮಗಾ. ಮೊದಲು ಗಾಬರಿಯಾಯ್ತು. ಅಪ್ಪನಿಗೆ ಹೇಳಿಲ್ಲ" ಅನ್ನಿ. ಗಾಬರಿ ಆಗಿದ್ದನ್ನು ಮುಚ್ಚಿಡಬೇಕಿಲ್ಲ, ಮಕ್ಕಳಿಗೆ ಅಮ್ಮನ ನಾಟಕ ಗೊತ್ತಾಗುತ್ತದೆ. ಆಮೇಲೆ ಸಣ್ಣ ಪ್ರಶ್ನೆ ಕೇಳಿ. ಆ ಸೀರೆ ಯಾರು ಉಡಿಸಿದರು? ಮೇಕಪ್ ಯಾರ ಹತ್ತಿರ ಕಲಿತೆ? ಅಜ್ಜನ ವೇಷ ನೆನಪಿದೆಯಾ? ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ. ಆ ಉತ್ತರದ ಬಾಲ ಹಿಡಿದು ದೊಡ್ಡ ಮಾತು ತಾನಾಗೇ ಬರಬಹುದು. ಬರದಿದ್ದರೆ ಆ ದಿನಕ್ಕೆ ಅಷ್ಟು ಸಾಕು.

ಒಂದೇ ಒಂದು ಮಾತು ಬಾಯಿಗೆ ಬರದಂತೆ ನೋಡಿಕೊಳ್ಳಿ: "ಹೀಗಾದರೆ ನಾನು ಬದುಕಿರೋದಿಲ್ಲ." ಕೋಪದಲ್ಲಿ ಆಡಿದ ಈ ಮಾತನ್ನು ತಾಯಿ ಮರುದಿನ ಮರೆತಿರುತ್ತಾರೆ. ಮಕ್ಕಳು ಹತ್ತು ವರ್ಷ ಆದ ಮೇಲೆ ನನ್ನೆದುರು ಕೂತು ಅದನ್ನೇ ಹೇಳುತ್ತಾರೆ, ಅಕ್ಷರ ಬಿಡದೆ. ನಿಮಗೆ ಒಪ್ಪಿಗೆ ಆಗದಿದ್ದರೆ "ನನಗೆ ಇನ್ನೂ ಅರ್ಥ ಆಗ್ತಾ ಇಲ್ಲ, ಸ್ವಲ್ಪ ಟೈಮ್ ಕೊಡು" ಅನ್ನಿ. ಅದು ಸುಳ್ಳೂ ಅಲ್ಲ, ಬಾಗಿಲು ಹಾಕಿದ ಹಾಗೂ ಅಲ್ಲ. ಒಪ್ಪಿಗೆ ಅಂದರೆ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯಬೇಕು ಅಂತೇನಿಲ್ಲ. ನಿಮಗೆ ಆ ಕಾರ್ಯಕ್ರಮ ಇಷ್ಟವಾಗದೇ ಇರಬಹುದು, ಮಗ ಇಷ್ಟವಾದರೆ ಸಾಕು.

ಯಜಮಾನರಿಗೆ ಹೇಳುವುದನ್ನು ಮಗನ ಜೊತೆ ಮಾತಾಡಿದ ಮೇಲೆ, ಅವನನ್ನು ಕೇಳಿಯೇ ತೀರ್ಮಾನಿಸಿ. ಬಿಪಿ ಅನ್ನುವುದು ಒಳ್ಳೆಯ ಕಾರಣ, ಆದರೆ ಎಷ್ಟೋ ಮನೆಗಳಲ್ಲಿ ಅದು ನೆಪವೂ ಹೌದು. ಸ್ತ್ರೀವೇಷದವರ ಮಗನಾಗಿ ಬೆಳೆದವರು ಅವರು. ಅಪ್ಪನ ಬಗ್ಗೆ ಶಾಲೆಯಲ್ಲಿ ಹುಡುಗರು ಏನಂದಿದ್ದರೋ ಅವರಿಗೇ ಗೊತ್ತು. ಅವರಿಂದ ನೀವು ಎಣಿಸಿದ್ದಕ್ಕಿಂತ ಜಾಸ್ತಿ ಸಿಟ್ಟು ಬರಬಹುದು, ಅಥವಾ ನೀವು ಎಣಿಸಿರದಷ್ಟು ತಿಳಿವಳಿಕೆ ಬರಬಹುದು. ಎರಡಕ್ಕೂ ಸಿದ್ಧರಿರಿ.

ಮಗಳ ವಿಷಯ. ಗಂಡಿನ ಕಡೆಯವರಿಗೆ ಅಣ್ಣನ ಹವ್ಯಾಸದ ಪಟ್ಟಿ ಕೊಡಬೇಕಾಗಿಲ್ಲ. ಕೇಳಿದರೆ ಸುಳ್ಳು ಹೇಳುವುದೂ ಬೇಡ, "ಅಜ್ಜನ ಹಾಗೆ ಅವನಿಗೂ ವೇಷದ ಹುಚ್ಚು" ಅಂದರೆ ಅದು ನಿಜವೇ. ಮಗನ ಒಪ್ಪಿಗೆ ಪಡೆದು ಮಗಳಿಗೆ ಮಾತ್ರ ಮೊದಲೇ ತಿಳಿಸಿ. ನನ್ನ ಅಂದಾಜಿನಲ್ಲಿ ಅವಳಿಗೆ ಆಗಲೇ ಗೊತ್ತಿದೆ. ಅಣ್ಣನ ವಿಗ್ ಆರಿಸಿಕೊಟ್ಟವಳೇ ಅವಳಾದರೂ ನನಗೆ ಆಶ್ಚರ್ಯವಿಲ್ಲ.

ಇವೆಲ್ಲಕ್ಕಿಂತ ಮೊದಲು, ಇವತ್ತೇ, ಅಕ್ಕನ ಮಗಳಿಗೆ ಫೋನ್ ಮಾಡಿ. ಆ ರೀಲನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡ, ಯಾರಿಗೂ ತೋರಿಸಬೇಡ ಅನ್ನಿ. ಅಕ್ಕನಿಗೂ ಅದೇ ಮಾತು. ನಿಮಗೇ ನಿದ್ದೆ ಬಾರದೆ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಯೂ ಯಾರಾದರೂ ಮದುವೆ ಮಾಡಿ ಅಂದರೆ ಫೋನ್ ಇಟ್ಟು ಇನ್ನೊಮ್ಮೆ ಮಾಡಿ, ಬೇರೆಯವರು ಸಿಗುತ್ತಾರೆ.